ನಲವತ್ತೇಳು ಚೀಟಿ, ಒಂದೇ ಕೈಬರಹ

ಮುನ್ನೂರು ಹಾಸಿಗೆಯ ಆ ಆಸ್ಪತ್ರೆಯಲ್ಲಿ ಪ್ರತಿಯೊಬ್ಬರ ಜೊತೆಗೂ ಒಮ್ಮೆಯಾದರೂ ಜಗಳವಾಡಿದ ಖ್ಯಾತಿ ಕಿಟಕಿಯಕ್ಕನದು. ಲಿನನ್ ರೂಮಿನ ಕಿಟಕಿಯ ಹಿಂದೆ ಎಂಟು ವರ್ಷ ಕೂತವಳು. ಹೆಸರು ಹಾಗೆ ಬಂತು. ಎರಡಡಿ ಅಗಲದ ಕಿಟಕಿ, ಅದರ ಕೆಳಗೆ ತಗಡು ಹೊಡೆದ ಕಟ್ಟೆ. ಬೆಳಿಗ್ಗೆ ಏಳೂವರೆಗೆ ವಾರ್ಡುಗಳ ಆಯಾಗಳು ಕೊಳೆ ಬೆಡ್‌ಶೀಟಿನ ಗಂಟು ಹೊತ್ತು ಆ ಕಟ್ಟೆಯ ಮುಂದೆ ಸಾಲುಗಟ್ಟುತ್ತಿದ್ದರು. ಅವಳು ಒಂದೊಂದನ್ನೂ ಎತ್ತಿ, ಮೂಲೆಯಲ್ಲಿ ಬರೆದ ವಾರ್ಡಿನ ಸಂಖ್ಯೆ ನೋಡಿ, ಎಣಿಸಿ, ಎಷ್ಟು ಕೊಳೆ ಬಂತೋ ಅಷ್ಟೇ ಒಗೆದದ್ದನ್ನು ಕೊಡುತ್ತಿದ್ದಳು. ಒಂದು ಕಡಿಮೆ ತಂದವರಿಗೆ ಒಂದು ಕಡಿಮೆ.

"ಇನ್ನೊಂದು ಕೊಡಕ್ಕ, ನಾಳೆ ತಂದುಹಾಕ್ತೀನಿ."

"ನಾಳೆ ಅಂದವರಿಂದಲೇ ಈ ಬೀರು ಖಾಲಿ ಆಗಿರೋದು. ಸರಿ, ಮುಂದಿನವರು ಬನ್ನಿ."

"ನಿನ್ನ ಮನೆಯಿಂದ ಕೊಡ್ತಿದೀಯೇನು?"

"ನನ್ನ ಮನೆಯದಾಗಿದ್ರೆ ನಿನ್ನ ಮುಖ ನೋಡಿ ಕರವಸ್ತ್ರಾನೂ ಕೊಡ್ತಿರಲಿಲ್ಲ."

ಬೆಳಗಿನ ಮಾತುಕತೆ ಇಷ್ಟೇ. ಯಾರೂ ಅವಳಿಗೆ ನಮಸ್ಕಾರ ಹೇಳುತ್ತಿರಲಿಲ್ಲ, ಅವಳೂ ನಿರೀಕ್ಷಿಸುತ್ತಿರಲಿಲ್ಲ.

ಲೆಕ್ಕ ತಪ್ಪುತ್ತಿದ್ದುದು ಸಾವಿನಿಂದ. ವಾರ್ಡಿನಲ್ಲಿ ಯಾರಾದರೂ ಸತ್ತರೆ ಹಾಸಿಗೆಯ ಮೇಲಿದ್ದ ಬೆಡ್‌ಶೀಟಿನಲ್ಲೇ ಸುತ್ತಿ ಶವಾಗಾರಕ್ಕೆ ಕಳಿಸುತ್ತಾರೆ. ಕೆಲವರ ಮನೆಯವರು ಸ್ವಂತ ಬಟ್ಟೆ ತರುತ್ತಾರೆ. ಉಳಿದವರು ಹಾಗೇ ಒಯ್ಯುತ್ತಾರೆ. ಅಳುತ್ತಿರುವವರ ಕೈಯಿಂದ ಬೆಡ್‌ಶೀಟು ವಾಪಸು ಕೇಳುವ ಗಟ್ಟಿ ಎದೆ ಯಾವ ಆಯಾಗೂ ಇಲ್ಲ. ಆದರೆ ಕಡತದಲ್ಲಿ ಬೆಡ್‌ಶೀಟು ಸಾಯುವುದಿಲ್ಲ. ಮೂರನೇ ವಾರ್ಡಿಗೆ ಇಷ್ಟು ಎಂದು ಬರೆದಿದ್ದರೆ ಅಷ್ಟು ಇರಲೇಬೇಕು. ತಿಂಗಳ ಕೊನೆಯ ಎಣಿಕೆಯಲ್ಲಿ ಒಂದು ಕಡಿಮೆಯಾದರೂ ಆಯಾಗೆ ಮೆಮೊ. ಮೂರು ಮೆಮೊ ಸೇರಿದರೆ ಕೆಲಸಕ್ಕೇ ಕುತ್ತು.

ಇದಕ್ಕೆ ಆಯಾಗಳು ಕಂಡುಕೊಂಡ ದಾರಿ ಕತ್ತರಿ. ಒಂಬತ್ತಡಿ ಉದ್ದದ ಒಂದು ಬೆಡ್‌ಶೀಟನ್ನು ನಡುವೆ ಕತ್ತರಿಸಿದರೆ ನಾಲ್ಕೂವರೆ ಅಡಿಯ ಎರಡು ತುಂಡು. ಆಸ್ಪತ್ರೆಯ ದರ್ಜಿ ಎರಡಕ್ಕೂ ಅಂಚು ಹೊಲಿದುಕೊಡುತ್ತಿದ್ದ. ಗುರುತಿಲ್ಲದ ತುಂಡಿನ ಮೂಲೆಗೆ ಕಿಟಕಿಯಕ್ಕ ವಾರ್ಡಿನ ಸಂಖ್ಯೆ ಬರೆಯುತ್ತಿದ್ದಳು. ಬಟ್ಟೆಗೆ ಗುರುತು ಹಾಕುವ ಕಪ್ಪು ಶಾಯಿ, ಕುದಿಯುವ ನೀರಿಗೂ ಬಿಡದ್ದು. ಅಲ್ಲಿಗೆ ಎಣಿಕೆ ಸರಿಹೋಯಿತು. ರೋಗಿಯ ಬೆನ್ನಿನಿಂದ ಮೊಣಕಾಲಿನವರೆಗೆ ಬಟ್ಟೆ, ತಲೆ ಮತ್ತು ಪಾದ ಹಾಸಿಗೆಗೆ ಹೊದಿಸಿದ ಬರೀ ರೆಕ್ಸಿನ್ ಮೇಲೆ. ಬೇಸಿಗೆಯಲ್ಲಿ ಹಿಮ್ಮಡಿ ರೆಕ್ಸಿನ್‌ಗೆ ಅಂಟಿಕೊಳ್ಳುತ್ತದೆ ಎಂದು ರೋಗಿಗಳು ದೂರುತ್ತಿದ್ದರು. ಯಾರಿಗೆ ದೂರಬೇಕೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಈ ಕೆಲಸದಲ್ಲಿ ಆಯಾ, ದರ್ಜಿ, ಕಿಟಕಿಯಕ್ಕ ಮೂವರೂ ಪಾಲುದಾರರು. ಆದರೂ ಅವರ ನಡುವೆ ಸ್ನೇಹ ಬೆಳೆಯಲಿಲ್ಲ. ತುಂಡನ್ನು ಕಟ್ಟೆಯ ಮೇಲೆ ಎಸೆಯುತ್ತಿದ್ದರು, ಅವಳು ಬೈದುಕೊಂಡು ಬರೆಯುತ್ತಿದ್ದಳು.

ಕಿಟಕಿ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಅದಕ್ಕೂ ಮೊದಲು ಹನ್ನೊಂದು ವರ್ಷ ಅವಳು ನೆಲಮಾಳಿಗೆಯ ಕೊಳೆಬಟ್ಟೆ ಕೋಣೆಯಲ್ಲಿದ್ದಳು. ಅಲ್ಲಿ ಕೆಲಸವೆಂದರೆ ಗಂಟು ಬಿಚ್ಚುವುದು, ರಕ್ತದ್ದು ಬೇರೆ, ಮಿಕ್ಕಿದ್ದು ಬೇರೆ ಮಾಡುವುದು, ಬ್ಲೀಚ್ ತೊಟ್ಟಿಗೆ ಹಾಕುವುದು. ಬಟ್ಟೆಯ ಮಡಿಕೆಗಳಲ್ಲಿ ಏನೇನೋ ಸಿಗುತ್ತಿತ್ತು: ಹಲ್ಲಿನ ಸೆಟ್ಟು, ಚಮಚ, ಒಮ್ಮೆ ಒಬ್ಬರ ಕನ್ನಡಕ. ಹೆಚ್ಚಾಗಿ ಸಿಗುತ್ತಿದ್ದುದು ಸೂಜಿ. ಅವಸರದಲ್ಲಿ ಇಂಜೆಕ್ಷನ್ ಕೊಟ್ಟ ಡಾಕ್ಟರು ಸೂಜಿಯನ್ನು ಹಾಸಿಗೆಯ ಮೇಲೇ ಬಿಟ್ಟು ಮುಂದಿನ ರೋಗಿಯ ಹತ್ತಿರ ಹೋಗುತ್ತಾರೆ. ಸಿಸ್ಟರ್ ನೋಡುವುದಿಲ್ಲ, ಆಯಾ ಸುತ್ತಿ ಗಂಟು ಕಟ್ಟುತ್ತಾಳೆ. ಕೆಳಗಿನ ಕೋಣೆಯಲ್ಲಿ ಅದು ಯಾರದಾದರೂ ಬೆರಳಿಗೆ ಸಿಗುತ್ತದೆ.

ಅವಳ ಬೆರಳಿಗೆ ಮೂರು ಸಲ ಸಿಕ್ಕಿತು. ಮೂರನೆಯದು ಯಾವ ರೋಗಿಯ ರಕ್ತವೆಂದು ಗೊತ್ತಾಗಲಿಲ್ಲ. ಆರು ತಿಂಗಳು ರಕ್ತಪರೀಕ್ಷೆ ಮಾಡಿಸುತ್ತಾ ಕಾಯಬೇಕಾಯಿತು. ಮನೆಯಲ್ಲಿ ಅವಳೇ ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಳು. ಗಂಡ ಬೇಕೆಂದೇ ಅದೇ ಲೋಟದಲ್ಲಿ ನೀರು ಕುಡಿಯುತ್ತಿದ್ದ. ಅದಕ್ಕೂ ಜಗಳ. ಕೊನೆಗೆ ಏನೂ ಇಲ್ಲ ಎಂದು ವರದಿ ಬಂದ ದಿನ ಆಗಿನ ಸೂಪರಿಂಟೆಂಡೆಂಟ್ ಅವಳನ್ನು ಕಿಟಕಿಗೆ ಹಾಕಿದ. ಕೈಬರಹ ಚೆನ್ನಾಗಿದ್ದುದೂ ಒಂದು ಕಾರಣ. ಅವಳ ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಅಕ್ಷರದ ತಲೆಕಟ್ಟನ್ನು ಬ್ರಷ್ಷಿನಿಂದ ಎಳೆದಂತೆ ಎಳೆಯುವುದು, ಸೊನ್ನೆಯನ್ನು ಪೂರ್ತಿ ಗುಂಡಗೆ ಮುಚ್ಚುವುದು ಅವಳಿಗೆ ಅವನಿಂದ ಬಂದದ್ದು.

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ಹೊಸ ಆಡಳಿತಾಧಿಕಾರಿ ಬಂದ. ಮೊದಲು ದೊಡ್ಡ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವನು. ಬಂದ ನಾಲ್ಕನೇ ತಿಂಗಳಿಗೆ ಔಷಧಿ ಕೌಂಟರಿನ ಪಕ್ಕ ಒಂದು ಹಸಿರು ಪೆಟ್ಟಿಗೆ ತೂಗುಹಾಕಿಸಿದ. ಮೇಲೊಂದು ಹಾಳೆ: 'ನಮ್ಮ ಆಸ್ಪತ್ರೆ ಇನ್ನೂ ಚೆನ್ನಾಗಲು ಏನು ಮಾಡಬೇಕು? ಸಿಬ್ಬಂದಿ ತಮ್ಮ ಸಲಹೆ ಬರೆದು ಹಾಕಬಹುದು. ಹೆಸರು ಬೇಡ, ಭಯ ಬೇಡ.' ಒಂದು ವಾರದ ಗಡುವು.

ಮೊದಲು ಬಂದವಳು ಮೂರನೇ ವಾರ್ಡಿನ ಆಯಾ. ಕಿಟಕಿಯಕ್ಕನಿಗೆ ಆಗದವರ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಸಾಲೆಲ್ಲ ಕರಗಿದ ಮೇಲೆ ಬಂದು ಕಟ್ಟೆಗೆ ಮೊಣಕೈ ಊರಿದಳು.

"ಒಂದು ಚೀಟಿ ಬರ್ಕೊಡು."

"ನಿನಗೆ ಬರೆಯೋಕೆ ಬರುತ್ತಲ್ಲ."

"ಬರುತ್ತೆ. ನನ್ನ ಕೋಳಿಕಾಲು ಅಕ್ಷರ ಸಿಸ್ಟರ್‌ಗೆ ಗೊತ್ತು. ದಿನಾ ನನ್ನ ಡ್ಯೂಟಿ ಪುಸ್ತಕ ನೋಡ್ತಾಳೆ. ನೀನು ಬರೆದ್ರೆ ಯಾರದು ಅಂತ ಗೊತ್ತಾಗಲ್ಲ."

"ನನ್ನ ಹತ್ರ ಯಾಕೆ ಬಂದೆ? ನಿನಗೆ ನನ್ನ ಕಂಡ್ರೆ ಆಗಲ್ಲ."

"ಆಗಲ್ಲ. ಆದ್ರೆ ನಿನ್ನ ಜೊತೆ ಯಾರೂ ಮಾತಾಡಲ್ವಲ್ಲ, ನೀನು ಯಾರಿಗೆ ಹೇಳ್ತೀಯ?"

ಕಿಟಕಿಯಕ್ಕ ಗುರುತು ಹಾಕುವ ಪೆನ್ನನ್ನೇ ಎತ್ತಿಕೊಂಡಳು. ಅವಳ ಮೇಜಿನ ಮೇಲಿದ್ದುದು ಅದೊಂದೇ. ಆಯಾ ಹೇಳಿದಳು, ಇವಳು ಬರೆದಳು: 'ಸತ್ತವರ ಜೊತೆ ಹೋದ ಬೆಡ್‌ಶೀಟನ್ನು ಲೆಕ್ಕದಿಂದ ತೆಗೆಯಿರಿ. ಕದ್ದವರ ಹಾಗೆ ನಮ್ಮನ್ನು ಕೇಳಬೇಡಿ.'

"ಕೊನೇದು ಸ್ವಲ್ಪ ಖಾರ ಆಯ್ತೇನೋ. ಮೆತ್ತಗೆ ಮಾಡು."

"ನೀನು ಹೇಳಿದ್ದೇ ಬರೆದಿದ್ದು. ಬೇಡ ಅಂದ್ರೆ ಹರೀತೀನಿ."

"ಇರ್ಲಿ ಬಿಡು."

ಮರುದಿನ ಟ್ರಾಲಿ ಮಾಮ ಬಂದ. ರೋಗಿಗಳನ್ನು ಟ್ರಾಲಿಯ ಮೇಲೆ ಮಲಗಿಸಿ ತಳ್ಳುವುದೇ ಹದಿನಾಲ್ಕು ವರ್ಷದ ಕೆಲಸ. ಬಲ ಭುಜ ಎಡಕ್ಕಿಂತ ಎರಡು ಬೆರಳು ತಗ್ಗಿದೆ. "ಬರ್ಕೋ. ಟ್ರಾಲಿ ಎಡಕ್ಕೆ ಎಳೆಯುತ್ತೆ. ಆಪರೇಷನ್‌ಗೆ ಅಂತ ರೋಗೀನ ಹೊರಡಿಸಿದ್ರೆ ಗಾಡಿ ಕ್ಯಾಂಟೀನ್ ಕಡೆ ಹೋಗುತ್ತೆ. ಮೊನ್ನೆ ಒಬ್ಬಜ್ಜ ಕೇಳ್ತಾನೆ, ಅಪ್ಪಾ, ಮೊದಲು ಟೀ ಕುಡಿಸ್ತೀಯಾ ಅಂತ."

"ಅಜ್ಜಂದೂ ಬರೀಬೇಕಾ?"

"ಬರಿ. ಓದೋರಿಗೂ ಸ್ವಲ್ಪ ನಗು ಬರ್ಲಿ."

ದರ್ಜಿ ತನ್ನ ಮಷೀನಿನ ಮೇಲೆ ಒಂದು ಲೈಟು ಬೇಕೆಂದು ಬರೆಸಿದ. ಹೊಸದಾಗಿ ಸೇರಿದ ಸಿಸ್ಟರ್ ಒಬ್ಬಳು ಅಕ್ಕಪಕ್ಕ ನೋಡಿ, ಬಟ್ಟೆ ಬದಲಾಯಿಸುವ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿ ಎಂದು ಮೂರೇ ಮಾತಿನಲ್ಲಿ ಹೇಳಿ ಓಡಿದಳು. ಗುಡಿಸುವವರು, ಅಡುಗೆಯವರು, ಎಕ್ಸ್‌ರೇ ಕೋಣೆಯ ಬಾಗಿಲು ಕಾಯುವವನು, ಎಲ್ಲರೂ ಬಂದರು. ಎಲ್ಲರ ವಾದವೂ ಒಂದೇ: ನನ್ನ ಕೈಬರಹ ಗೊತ್ತಾಗಬಾರದು. ಹೀಗೆ ನಲವತ್ತಾರು ಜನ ತಮ್ಮ ತಮ್ಮ ಕೈ ಮುಚ್ಚಿಕೊಳ್ಳಲು ಒಂದೇ ಕೈಯ ಹಿಂದೆ ಅಡಗಿದರು. ಇದು ಯಾರ ತಲೆಗೂ ಹೊಳೆಯಲಿಲ್ಲ. ಟ್ರಾಲಿ ಮಾಮನಿಗೆ ಮಾತ್ರ ಕೊನೆಯ ದಿನ ಏನೋ ಅನುಮಾನ ಬಂತು.

"ಅಕ್ಕಾ, ಒಂದೊಂದು ಚೀಟಿ ಒಂದೊಂದು ಥರ ಬರೀಬೇಕಿತ್ತೇನೋ. ಸ್ವಲ್ಪ ಸೊಟ್ಟಪಟ್ಟ."

"ಸೊಟ್ಟ ಬರೆಯೋಕೆ ನಂಗೆ ಬರಲ್ಲ," ಎಂದಳು ಅವಳು.

ನಲವತ್ತೇಳನೆಯದು ಅವಳ ಸ್ವಂತದ್ದು. ಅದರಲ್ಲಿ ಒಂದೇ ಸಾಲು: 'ಸೂಜಿಯನ್ನು ಹಾಸಿಗೆಯ ಮೇಲೆ ಬಿಡಬೇಡಿ, ಕೆಳಗಿನವರಿಗೂ ಕೈ ಇದೆ.'

ಪೆಟ್ಟಿಗೆ ತೆರೆದಾಗ ಅರವತ್ತೆರಡು ಚೀಟಿ ಸಿಕ್ಕವು. ಹದಿನೈದು ಡಾಕ್ಟರುಗಳದು ಮತ್ತು ಆಫೀಸಿನವರದು: ಕಾರು ನಿಲ್ಲಿಸಲು ನೆರಳು ಬೇಕು, ಕ್ಯಾಂಟೀನ್ ಟೀ ನೀರಾಗಿದೆ. ಉಳಿದ ನಲವತ್ತೇಳು ಕಪ್ಪು ಶಾಯಿಯಲ್ಲಿ, ತಲೆಕಟ್ಟಿನ ಸಮೇತ, ಮದುವೆ ಮಂಟಪದ ಬೋರ್ಡಿನಂಥ ಒಂದೇ ಅಕ್ಷರದಲ್ಲಿ. ಆಡಳಿತಾಧಿಕಾರಿ ಅವನ್ನು ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದ. ಸಲಹೆ ಏನೆಂಬುದನ್ನು ಆಮೇಲೆ ಓದಿದ. ಮೊದಲು ಕೇಳಿದ್ದು, ಇದು ಯಾರು?

ಗುರುತು ಹಿಡಿಯಲು ಎರಡು ನಿಮಿಷ ಸಾಕಾಯಿತು. ಲಿನನ್ ರೂಮಿನಿಂದ ಬಂದ ಆಫೀಸಿನ ಕಿಟಕಿ ಪರದೆಯ ಮೂಲೆಯಲ್ಲೇ ಅದೇ ಅಕ್ಷರ, ಅದೇ ಶಾಯಿ ಇತ್ತು.

"ಕೂತ್ಕೊಳ್ಳಿ," ಎಂದ ಆಡಳಿತಾಧಿಕಾರಿ, ಅವಳು ಒಳಗೆ ಬಂದಾಗ. ಅವಳು ನಿಂತೇ ಇದ್ದಳು. "ಒಬ್ಬರೇ ನಲವತ್ತೇಳು ಚೀಟಿ ಹಾಕಿದ್ದೀರಿ. ಆಸ್ಪತ್ರೆ ಮೇಲೆ ಇಷ್ಟೊಂದು ದ್ವೇಷ ಯಾಕೆ?"

"ನಂದು ಒಂದೇ ಸಾರ್. ಮಿಕ್ಕಿದ್ದು ಬೇರೆಯವರು ಹೇಳಿ ಬರೆಸಿದ್ದು."

"ಯಾರು?"

"ಹೆಸರು ಬೇಡ ಅಂತ ನೀವೇ ಅಂಟಿಸಿದ್ರಲ್ಲ."

ಆಡಳಿತಾಧಿಕಾರಿ ನಕ್ಕ. ಹೋಟೆಲಿನಲ್ಲಿ ಕಲಿತ ನಗು, ಹಲ್ಲು ಮಾತ್ರ ಕಾಣುವಂಥದ್ದು. ಎರಡು ದಾರಿ ಇದೆ ಎಂದ. ಬರೆಸಿದವರ ಹೆಸರು ಕೊಡುವುದು. ಇಲ್ಲವೇ ಎಲ್ಲವನ್ನೂ ತಾನೇ ಹಗೆತನದಿಂದ ಬರೆದದ್ದು, ಇದರಲ್ಲಿ ನಿಜವಿಲ್ಲ ಎಂದು ಸಹಿ ಹಾಕುವುದು. ಎರಡರಲ್ಲಿ ಯಾವುದನ್ನು ಮಾಡಿದರೂ ಒಂದು ಎಚ್ಚರಿಕೆಯಲ್ಲಿ ಮುಗಿಸುತ್ತೇನೆ. ಎರಡೂ ಆಗದಿದ್ದರೆ ಕಿಟಕಿ ಬಿಟ್ಟು ಮತ್ತೆ ಕೊಳೆಬಟ್ಟೆ ಕೋಣೆಗೆ. ಮೂರು ದಿನ ಬಿಟ್ಟು ವಿಚಾರಣೆ.

ಸುದ್ದಿ ಅವಳಿಗಿಂತ ಮೊದಲೇ ಕಿಟಕಿ ತಲುಪಿತ್ತು. ಮರುದಿನ ಬೆಳಿಗ್ಗೆ ಸಾಲಿನಲ್ಲಿ ನಿಂತವರು ಯಾರೂ ಅವಳ ಮುಖ ನೋಡಲಿಲ್ಲ. ಗಂಟುಗಳನ್ನು ಕಟ್ಟೆಯ ಮೇಲಿಡದೆ ಕೆಳಗೆ ಎಸೆದರು, ಅವಳು ಬಗ್ಗಿ ಎತ್ತಿಕೊಳ್ಳಲಿ ಎಂದು. ಮೂರನೇ ವಾರ್ಡಿನ ಆಯಾ ಕಿಟಕಿಯೊಳಗೆ ಅರ್ಧ ತಲೆ ತೂರಿಸಿದಳು.

"ನನ್ನ ಹೆಸರು ನಿನ್ನ ಬಾಯಿಂದ ಬಂದ್ರೆ ನೋಡ್ಕೋ."

"ಏನ್ ನೋಡ್ಕೋಬೇಕು?"

"ಅವತ್ತು ನಾನು ಬೆಡ್‌ಶೀಟ್ ತಗೊಳ್ಳೋಕೆ ಬಂದಿದ್ದೆ ಅಷ್ಟೇ. ಚೀಟಿ ಗೀಟಿ ನನಗೆ ಗೊತ್ತಿಲ್ಲ. ನೀನೇ ಬರ್ಕೊಂಡಿದ್ದು."

"ನಲವತ್ತೇಳೂ?"

"ನಿನ್ನ ಹೊಟ್ಟೇಲಿ ಅಷ್ಟು ವಿಷ ಇದೆ ಅಂತ ಎಲ್ಲರಿಗೂ ಗೊತ್ತು."

ದರ್ಜಿ ಬೇರೆ ದಾರಿ ಹಿಡಿದ. ಅವಳು ಮಷೀನಿನ ಹತ್ತಿರ ಹಾದುಹೋದಾಗಲೆಲ್ಲ ಕತ್ತರಿಯನ್ನು ಜೋರಾಗಿ ಕಟಕಟ ಆಡಿಸಿ, "ನಾವೆಲ್ಲ ಹೆಂಡತಿ ಮಕ್ಕಳಿರೋರು," ಎಂದು ಗೋಡೆಗೆ ಹೇಳುತ್ತಿದ್ದ. ಟ್ರಾಲಿ ಮಾಮ ಕಿಟಕಿಯ ಮುಂದೆ ಹಾಯಬೇಕಾದಾಗ ಆಚೆ ಓಣಿಯಿಂದ ಸುತ್ತಿಕೊಂಡು ಹೋದ. ಟ್ರಾಲಿಯ ಗಾಲಿಯ ಸದ್ದು ದೂರದಿಂದಲೇ ಗೊತ್ತಾಗುತ್ತಿತ್ತು.

ಮನೆಯಲ್ಲಿ ಗಂಡ ಊಟದ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಕೇಳಿದ. ಹತ್ತು ಅಂತಸ್ತಿನ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುವವನು. ದಿನವಿಡೀ ಬೇರೆಯವರ ಮಾತು ಅರ್ಧರ್ಧ ಕೇಳಿ ಅಭ್ಯಾಸವಾಗಿ, ಪೂರ್ತಿ ಕೇಳುವ ತಾಳ್ಮೆ ಬಂದಿತ್ತು.

"ಹೆಸರು ಹೇಳಿಬಿಡು. ಅವರೇನು ನಿನ್ನ ಬಂಧುಗಳಾ?"

"ಹೇಳ್ತೀನಿ. ಒಬ್ಬರನ್ನೂ ಬಿಡಲ್ಲ. ಆ ಮೂರನೇ ವಾರ್ಡಿನವಳಿಂದಲೇ ಶುರು."

"ಹೇಳೋಳಾಗಿದ್ರೆ ಅವತ್ತೇ ಹೇಳಿ ಬರ್ತಿದ್ದೆ."

"ನೀವು ಸುಮ್ನೆ ಲಿಫ್ಟ್ ಓಡಿಸಿ."

ಅವನು ತಟ್ಟೆ ತೊಳೆದಿಟ್ಟು ಬಂದು ಬಾಗಿಲ ಹತ್ತಿರ ನಿಂತ. "ಏನಾದ್ರೂ ಮಾಡ್ಕೋ. ಕೆಳಗೆ ಮಾತ್ರ ಹೋಗ್ಬೇಡ," ಎಂದ. ಆ ಆರು ತಿಂಗಳನ್ನು ಅವರಿಬ್ಬರೂ ಮತ್ತೆ ಮಾತಿಗೆ ತಂದದ್ದೇ ಇಲ್ಲ. ಅವತ್ತೂ ತರಲಿಲ್ಲ.

ವಿಚಾರಣೆ ಸೂಪರಿಂಟೆಂಡೆಂಟ್ ಕೋಣೆಯ ಪಕ್ಕದ ಹಾಲಿನಲ್ಲಿ ನಡೆಯಿತು. ಉದ್ದ ಮೇಜು, ಒಂದು ಕಡೆ ಆಡಳಿತಾಧಿಕಾರಿ ಮತ್ತು ಬರೆದುಕೊಳ್ಳುವ ಗುಮಾಸ್ತ, ಎದುರಿಗೆ ಅವಳು. ಗೋಡೆಯ ಬದಿಯ ಬೆಂಚಿನಲ್ಲಿ ಮೂರನೇ ವಾರ್ಡಿನ ಆಯಾ, ದರ್ಜಿ, ಟ್ರಾಲಿ ಮಾಮ. ಕಿಟಕಿಯ ಹತ್ತಿರ ಹೆಚ್ಚು ಹೊತ್ತು ನಿಂತಿದ್ದನ್ನು ಯಾರೋ ಕಂಡಿದ್ದರೆಂದು ಅವರನ್ನು ಕರೆಸಲಾಗಿತ್ತು.

"ವಾರ್ಡಿನಲ್ಲಿ ಬೆಡ್‌ಶೀಟಿನ ತೊಂದರೆ ಇದೆಯಾ?" ಆಡಳಿತಾಧಿಕಾರಿ ಆಯಾಳನ್ನು ಕೇಳಿದ.

"ಇಲ್ಲ ಸಾರ್. ಎಣಿಕೆ ಸರಿಯಾಗೇ ಇದೆ."

"ಈಕೆಗೆ ನೀವು ಏನಾದರೂ ಬರೆಸಿದಿರಾ?"

"ಇವಳ ಜೊತೆ ನಾನು ಮಾತೇ ಆಡಲ್ಲ ಸಾರ್. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಅದು ಸುಳ್ಳೆಂದು ಹೇಳಲು ಯಾರಿಗೂ ಆಗುತ್ತಿರಲಿಲ್ಲ. ದರ್ಜಿ ತನ್ನ ಮಷೀನಿನ ಮೇಲೆ ಬೇಕಾದಷ್ಟು ಬೆಳಕಿದೆ ಎಂದ. ಟ್ರಾಲಿ ಮಾಮ ತನ್ನ ಚಪ್ಪಲಿ ನೋಡಿಕೊಂಡು, ಗಾಡಿ ಚೆನ್ನಾಗಿದೆ ಎಂದ. "ಸ್ವಲ್ಪ ಎಡಕ್ಕೆ ಎಳೆಯುತ್ತೆ," ಎಂದು ಸೇರಿಸಿದ. ಗುಮಾಸ್ತ ಅದನ್ನು ಬರೆದುಕೊಳ್ಳಲಿಲ್ಲ.

"ಈಗ ಹೇಳಿ," ಆಡಳಿತಾಧಿಕಾರಿ ಅವಳ ಕಡೆ ತಿರುಗಿದ. "ಹೆಸರು ಕೊಡ್ತೀರಾ, ಸಹಿ ಹಾಕ್ತೀರಾ?"

ಮೂರು ದಿನದಿಂದ ನಲವತ್ತಾರು ಹೆಸರೂ ಅವಳ ನಾಲಿಗೆಯ ತುದಿಯಲ್ಲಿದ್ದವು. ಬೆಂಚಿನ ಕಡೆ ನೋಡಿದಳು. ಆಯಾ ಕಣ್ಣು ಕೆಕ್ಕರಿಸಿದಳು. ಹೇಳಿದರೂ ಅವರು ಇಲ್ಲ ಅನ್ನುತ್ತಾರೆ. ಆಗ ಸುಳ್ಳುಗಾರ್ತಿಯಾಗುವವಳು ತಾನು. ಒಪ್ಪಿಕೊಳ್ಳಿ ಎಂದು ಹೆಸರು ಹಿಡಿದು ಬೇಡುವಷ್ಟು ಬೆಲೆ ಇವರಿಗಿಲ್ಲ ಅನ್ನಿಸಿತು.

"ಬರ್ಕೊಳ್ಳಿ ಸಾರ್," ಎಂದಳು ಗುಮಾಸ್ತನಿಗೆ. "ಇವರು ಯಾರೂ ಏನೂ ಬರೆಸಿಲ್ಲ. ಇವರಿಗೆ ಯಾವ ತೊಂದರೆಯೂ ಇಲ್ಲ. ಬೆಡ್‌ಶೀಟು ಸಾಕಷ್ಟಿದೆ, ಬೆಳಕಿದೆ, ಗಾಡಿ ನೆಟ್ಟಗೆ ಹೋಗುತ್ತೆ. ಎಲ್ಲರೂ ಸುಖವಾಗಿದಾರೆ. ಇವರ ಬಾಯಿಂದಲೇ ಬಂತಲ್ಲ, ಒಂದಕ್ಷರ ಬಿಡಬೇಡಿ."

"ಅಂದರೆ ಚೀಟಿಗಳೆಲ್ಲ ಸುಳ್ಳು ಅಂತ ಸಹಿ ಹಾಕ್ತೀರಿ."

"ಹಾಕಲ್ಲ. ನನ್ನ ಅಕ್ಷರದಲ್ಲಿ ಸುಳ್ಳು ಬರೆದಿಲ್ಲ."

ಒಂದನೇ ತಾರೀಖಿನಿಂದ ಅವಳು ನೆಲಮಾಳಿಗೆಗೆ ಇಳಿದಳು. ಹದಿನೆಂಟು ಮೆಟ್ಟಿಲು. ಬ್ಲೀಚಿನ ವಾಸನೆ ಎಂಟು ವರ್ಷದ ಹಿಂದೆ ಬಿಟ್ಟುಹೋದ ಜಾಗದಲ್ಲೇ ಕಾಯುತ್ತಿತ್ತು. ಗೂಟಕ್ಕೆ ನೇತುಹಾಕಿದ್ದ ಕೈಗವಸಿನ ಬೆರಳುಗಳು ತೂತಾಗಿದ್ದವು. ಮನೆಯಿಂದ ಉದ್ದನೆಯ ಇಕ್ಕಳ ತಂದಳು. ಗಂಡ ಅದರ ತುದಿಗೆ ರಬ್ಬರ್ ಸುತ್ತಿಕೊಟ್ಟ. ದಿನಾ ರಾತ್ರಿ ಮನೆಯಲ್ಲಿ ಹೇಳುತ್ತಿದ್ದ ಲಿಫ್ಟಿನ ಜೋಕುಗಳನ್ನು ಅವನು ಆ ದಿನದಿಂದ ಬಿಟ್ಟ.

ಮೇಲೆ ಕಿಟಕಿಗೆ ದಾಖಲೆ ವಿಭಾಗದ ಗುಮಾಸ್ತನೊಬ್ಬನನ್ನು ಕೂರಿಸಿದರು. ಅವನು ಕೊಳೆಬಟ್ಟೆ ಮುಟ್ಟುವವನಲ್ಲ. ಆದ್ದರಿಂದ ಎಣಿಕೆ ಕೆಳಗೇ ಆಗಲಿ, ಎಷ್ಟು ಬಂತೆಂಬ ಚೀಟಿ ಮೇಲೆ ಬರಲಿ, ಚೀಟಿಯಲ್ಲಿ ಇದ್ದಷ್ಟು ಒಗೆದದ್ದು ಕೊಡಲಿ ಎಂದು ಆಡಳಿತಾಧಿಕಾರಿಯೇ ಆದೇಶ ಹೊರಡಿಸಿದ. ಎಣಿಸಿ ಚೀಟಿ ಬರೆಯುವ ಕೆಲಸ ಕೊಳೆಬಟ್ಟೆ ಕೋಣೆಯ ಹಿರಿಯ ಕೆಲಸಗಾರ್ತಿಗೆ. ಅಂದರೆ ಅವಳಿಗೆ.

ಆದೇಶವನ್ನು ಅವಳು ಎರಡು ಸಲ ಓದಿದಳು. ಆಮೇಲೆ ಆಫೀಸಿಗೆ ಒಂದು ಸಾಲು ಬರೆದು ಕಳಿಸಿದಳು: 'ಒಂದು ಬೆಡ್‌ಶೀಟು ಎಂದರೆ ಎಷ್ಟು ಉದ್ದ, ಎಷ್ಟು ಅಗಲ ಎಂದು ತಿಳಿಸಬೇಕು.' ಇದೊಂದು ಹುಚ್ಚು ಎಂದುಕೊಂಡು ಯಾರೋ ಖರೀದಿ ಕಡತ ನೋಡಿ ಉತ್ತರ ಕೊಟ್ಟರು: ಒಂಬತ್ತಡಿ, ಐದಡಿ. ಕೆಳಗೆ ಮೊಹರು. ಅವಳು ಆ ಹಾಳೆಯನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಅಳತೆ ಟೇಪು ನೇತುಹಾಕಿದಳು. ಅರ್ಧಗಳ ಮೂಲೆಯಲ್ಲಿರುವುದು ತನ್ನದೇ ಅಕ್ಷರ, ಈ ದಾರ ಎಳೆದರೆ ಕೊನೆಗೆ ತನ್ನ ಕುತ್ತಿಗೆಗೂ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಎಳೆದಳು.

ಮೊದಲ ದಿನ ಮೂರನೇ ವಾರ್ಡಿನಿಂದ ನಲವತ್ತು ಬಂದವು. ಅವಳು ಒಂದೊಂದನ್ನೂ ಹರಡಿ ಅಳೆದು ಬರೆದಳು: 'ಪೂರ್ತಿ ಇಪ್ಪತ್ಮೂರು, ಅರ್ಧ ಹದಿನೇಳು.' ಕಿಟಕಿಯ ಗುಮಾಸ್ತ ನಿಯಮದವನು. ಇಪ್ಪತ್ಮೂರು ಮತ್ತು ಎಂಟು, ಮೂವತ್ತೊಂದು ಎಂದು ಕೂಡಿ ಅಷ್ಟೇ ಕೊಟ್ಟ. ಉಳಿದ ಅರ್ಧವನ್ನು ಏನು ಮಾಡಬೇಕೆಂದು ಆಫೀಸಿಗೆ ಪತ್ರ ಬರೆದ.

ಆಯಾ ಹದಿನೆಂಟು ಮೆಟ್ಟಿಲನ್ನೂ ಬೈಯುತ್ತಲೇ ಇಳಿದಳು.

"ಒಂಬತ್ತು ಜನ ಬರೀ ರೆಕ್ಸಿನ್ ಮೇಲೆ ಮಲಗಿದಾರೆ! ನಿನಗೇನು ತಲೆ ಕೆಟ್ಟಿದೆಯಾ?"

"ಯಾಕೆ? ಬೆಡ್‌ಶೀಟಿನ ತೊಂದರೆ ಇಲ್ಲ ಅಂದೆಯಲ್ಲ."

"ಎಂಟು ವರ್ಷ ಇದನ್ನೇ ಎಣಿಸಿ ತಗೊಂಡೆ ನೀನು!"

"ಹೌದು, ಎಂಟು ವರ್ಷ ನಿನ್ನ ಮಾನ ಕಾಪಾಡಿದೆ. ಈಗ ರಜಾ ತಗೊಂಡಿದೀನಿ."

"ಹಾಳಾಗಿ ಹೋಗು!"

"ಹೋಗಿಯಾಯ್ತು. ನೋಡು, ಇಲ್ಲೇ ಇದೀನಿ."

ನಾಲ್ಕು ದಿನದಲ್ಲಿ ಎಲ್ಲ ವಾರ್ಡೂ ಕೆಳಗೆ ಇಳಿದು ಬೈದು ಹೋಯಿತು. ಯಾರೋ ಅವಳ ಊಟದ ಡಬ್ಬಿಯನ್ನು ಬ್ಲೀಚ್ ತೊಟ್ಟಿಗೆ ಹಾಕಿದರು. ಯಾರೋ ಮೆಟ್ಟಿಲ ದೀಪ ಕಿತ್ತರು. ಅವಳು ಗೋಡೆ ಹಿಡಿದು ಇಳಿದಳು, ಟೇಪು ಹಿಡಿದು ಅಳೆದಳು, ತಲೆಕಟ್ಟಿನ ಸಮೇತ ಚೀಟಿ ಬರೆದಳು. ಐದನೇ ದಿನ ರೋಗಿಗಳ ಕಡೆಯವರು ಆಡಳಿತಾಧಿಕಾರಿಯ ಕೋಣೆಗೆ ನುಗ್ಗಿದರು. ಅವರಲ್ಲೊಬ್ಬ ತನ್ನ ತಾಯಿಯ ಬೆನ್ನಿಗೆ ಅಂಟಿದ್ದ ರೆಕ್ಸಿನ್ ಚೂರನ್ನು ತಂದು ಮೇಜಿನ ಮೇಲಿಟ್ಟ.

ಆಡಳಿತಾಧಿಕಾರಿ ಮೊದಲ ಸಲ ನೆಲಮಾಳಿಗೆ ನೋಡಿದ. ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಒದ್ದೆ ನೆಲದ ಮೇಲೆ ಬೂಟು ಜಾರದಂತೆ ಕಾಲಿಡುತ್ತಾ ಬಂದ. ಅವಳು ಅರ್ಧಗಳನ್ನು ಒಂದರ ಮೇಲೊಂದು ಅಡುಕಿಟ್ಟಿದ್ದಳು. ಅಡುಕು ಅವಳ ಎದೆಮಟ್ಟ ಬಂದಿತ್ತು.

"ಕಡತದಲ್ಲಿ ಒಂಬೈನೂರು ಸಾರ್. ಪೂರ್ತಿ ಇರೋದು ಐನೂರ ಹತ್ತು. ಅರ್ಧ ಮುನ್ನೂರ ತೊಂಬತ್ತು. ಅಂದ್ರೆ ನೂರ ತೊಂಬತ್ತೈದು ಜನ ಒಂದೊಂದು ಹೊದ್ದುಕೊಂಡು ಹೋಗಿದಾರೆ. ಅವರನ್ನ ವಿಚಾರಣೆಗೆ ಕರೆಯೋಕಾಗಲ್ಲ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಬರೆದಿದ್ದೆವಲ್ಲ. ನೀವು ಅಕ್ಷರ ಮಾತ್ರ ನೋಡಿದ್ರಿ."

ಆಡಳಿತಾಧಿಕಾರಿ ಮೇಲಿನ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಮೂಲೆ ನೋಡಿದ. ಗುಂಡಗಿನ ಸೊನ್ನೆ, ಬಿಡದ ಶಾಯಿ.

"ಈ ನಂಬರು ಬರೆದವರು?"

"ನಾನೇ."

"ಕತ್ತರಿಸಿದವರು?"

"ಅದು ಕತ್ತರಿಯ ಕೆಲಸ ಸಾರ್. ಕತ್ತರಿಗೆ ಕೈಬರಹ ಇಲ್ಲ."

ಹತ್ತು ದಿನದಲ್ಲಿ ಎರಡು ಆದೇಶ ಬಂದವು. ಮೊದಲನೆಯದು: ಶವದೊಡನೆ ಹೋದ ಬೆಡ್‌ಶೀಟನ್ನು ಶವಾಗಾರದ ರಸೀತಿ ತೋರಿಸಿದರೆ ಲೆಕ್ಕದಿಂದ ತೆಗೆಯತಕ್ಕದ್ದು, ಕೊರತೆ ತುಂಬಲು ಹೊಸದನ್ನು ತರಿಸತಕ್ಕದ್ದು. ಎರಡನೆಯದು: ತುಂಡು ಬಟ್ಟೆಗೆ ಸುಳ್ಳು ಗುರುತು ಹಾಕಿದ ತಪ್ಪಿಗೆ ಸದರಿ ಕೆಲಸಗಾರ್ತಿಯು ನಿವೃತ್ತಿಯವರೆಗೆ ಕೊಳೆಬಟ್ಟೆ ಕೋಣೆಯಲ್ಲೇ ಮುಂದುವರಿಯತಕ್ಕದ್ದು. ಟ್ರಾಲಿಯ ಗಾಲಿಯ ಬಗ್ಗೆ, ಚಿಲಕದ ಬಗ್ಗೆ, ಲೈಟಿನ ಬಗ್ಗೆ ಏನೂ ಬರಲಿಲ್ಲ. ಹಸಿರು ಪೆಟ್ಟಿಗೆ ಗೋಡೆಯಿಂದ ಇಳಿಯಿತು. ಅದು ಇದ್ದ ಜಾಗದಲ್ಲಿ ಎರಡು ಮೊಳೆ ಉಳಿದವು.

ಹೊಸ ಬೆಡ್‌ಶೀಟುಗಳು ಬಂದವು, ತಲೆಯಿಂದ ಪಾದದವರೆಗೆ. ಅವಳಿಗೆ ಯಾರೂ ಒಂದು ಮಾತು ಹೇಳಲಿಲ್ಲ. ವಾರ್ಡುಗಳಲ್ಲಿ ಈಗಲೂ ಅವಳ ಹೆಸರೆತ್ತಿದರೆ, ಆ ಟೇಪಿನವಳಾ, ಎಂದು ಮೂತಿ ತಿರುವುತ್ತಾರೆ.

ಅದಾದ ಮೂರನೇ ವಾರ ಒಂದು ಬೆಳಿಗ್ಗೆ ಮೂರನೇ ವಾರ್ಡಿನ ಆಯಾ ಮೆಟ್ಟಿಲಿಳಿದು ಬಂದು ಎಂದಿನಂತೆ ಗಂಟನ್ನು ನೆಲಕ್ಕೆ ಎಸೆದಳು. ಆಮೇಲೆ ಬಟ್ಟೆ ವಿಂಗಡಿಸುವ ಕಲ್ಲಿನ ಮೇಲೆ ಸ್ಟೀಲಿನ ಟ್ರೇ ಒಂದನ್ನು 'ಠಣ್' ಎಂದು ಕುಕ್ಕಿದಳು. ಅದರಲ್ಲಿ ಸೂಜಿಗಳಿದ್ದವು.

"ಐದು. ಬೆಳಿಗ್ಗೆಯಿಂದ ಒಂದೊಂದು ಹಾಸಿಗೆ ಕೊಡವಿ ತೆಗೆದಿದೀನಿ. ಬೇಕಾದ್ರೆ ಅಳೆದ್ಕೋ, ಎಣಿಸ್ಕೋ, ಏನಾದ್ರೂ ಮಾಡ್ಕೋ."

"ನಿನ್ನ ಯಾರು ಕೇಳಿದ್ರು?"

"ನೀನಂತೂ ಕೇಳ್ಲಿಲ್ಲ. ಚೀಟೀಲಿ ಬರೆದಿದ್ದೆಯಂತೆ."

ಅಷ್ಟು ಹೇಳಿ ಅವಳು ಮೆಟ್ಟಿಲು ಹತ್ತತೊಡಗಿದಳು. ಕಿಟಕಿಯಕ್ಕ ಟ್ರೇಯ ಕಡೆ ನೋಡಿದಳು, ಐದು ಇದ್ದವು. ಆದರೂ ಗಂಟಿಗೆ ಕೈಹಾಕಲಿಲ್ಲ. ಇಕ್ಕಳ ತೆಗೆದು ಒಂದೊಂದೇ ಬೆಡ್‌ಶೀಟನ್ನು ಮೂಲೆ ಹಿಡಿದೆತ್ತಿ ಕಲ್ಲಿನ ಮೇಲೆ ಕೊಡವಿದಳು. ಹನ್ನೆರಡನೆಯದರಿಂದ ಸಣ್ಣಗೆ ಸದ್ದು ಮಾಡುತ್ತ ಒಂದು ಬಿತ್ತು.

ಅದನ್ನು ಇಕ್ಕಳದಲ್ಲಿ ಹಿಡಿದು ಟ್ರೇಗೆ ಹಾಕಿ, ಮೆಟ್ಟಿಲ ಬುಡಕ್ಕೆ ಬಂದು ಕತ್ತೆತ್ತಿದಳು.

"ಆರು ಕಣೇ! ಐದಲ್ಲ, ಆರು!"

ಮೇಲಿನಿಂದ ಬೈಗುಳ ಬಂತು. ಅದು ಮುಗಿಯುವವರೆಗೆ ನಿಂತು ಕೇಳಿ, ಅವಳು ಹದಿಮೂರನೆಯದಕ್ಕೆ ಇಕ್ಕಳ ಹಾಕಿದಳು.